ನೆರಳನ್ನು ಆರಿಸುವ ಮುನ್ನ ಬಿಸಿಲನ್ನು ಓದಬೇಕು

ಕನ್ನಡದಲ್ಲಿ ನೆರಳು ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊತ್ತಿದೆ. ಬಿಸಿಲಿನಲ್ಲಿ ನಡೆಯುವವನನ್ನು ಹಿಂಬಾಲಿಸುವ ಕಪ್ಪು ಆಕಾರವೂ ನೆರಳು, ಮರದಡಿಯಲ್ಲಿ ದೊರೆಯುವ ತಂಪೂ ನೆರಳು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ಹಿರಿಯರ ಆಶ್ರಯದಲ್ಲಿ ಬೆಳೆದವರು ‘ಅವರ ನೆರಳಿನಲ್ಲಿ ಬಾಳಿದೆವು’ ಎಂದು ನಮ್ಮಲ್ಲಿ ಕೃತಜ್ಞತೆಯಿಂದ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದೇ ಮಾತನ್ನಾಡಿದರೆ ಅದು ದೂರಾಗಿಬಿಡುತ್ತದೆ. ಇದು ಹವಾಮಾನದ ಭೇದವೂ ಹೌದೆಂದು ನಮಗೆ ತೋರುತ್ತದೆ. ಬಿಸಿಲಿಗಾಗಿ ಹಂಬಲಿಸುವ ನಾಡಿನ ನುಡಿ ಒಂದು, ನೆರಳಿಗಾಗಿ ಹಂಬಲಿಸುವ ನಾಡಿನ ನುಡಿ ಇನ್ನೊಂದು.

ಹೀಗಿದ್ದೂ ನಮ್ಮ ಕಟ್ಟಡಗಳ ಸುತ್ತ, ಅವುಗಳ ಮೇಲೆ ಮತ್ತು ಒಳಗೆ ನೆಡಲಾಗುತ್ತಿರುವ ಗಿಡಗಳನ್ನು ನೋಡಿದರೆ, ನಾವು ಯಾವ ನಾಡಿನವರೆಂಬುದನ್ನೇ ಮರೆತಂತೆ ಕಾಣುತ್ತದೆ. ಚೆನ್ನೈನ ಮೈಲಾಪುರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು, ಇಲ್ಲಿ ದಿನನಿತ್ಯ ಕಾಣುವುದನ್ನೇ ಆಧಾರವಾಗಿಟ್ಟುಕೊಂಡು ಈ ವಿಚಾರವನ್ನು ಓದುಗರ ಮುಂದಿಡುತ್ತಿದ್ದೇವೆ. ನಮ್ಮ ವಾದ ಸರಳವಾದುದು. ನೆರಳಿಗೆ ಗಿಡ ಬೇಕೆನ್ನುವವರು ಮೊದಲು ನರ್ಸರಿಗೆ ಹೋಗಬಾರದು. ತಮ್ಮ ಕಟ್ಟಡದ ಮೇಲೆ ಬಿಸಿಲು ಯಾವ ತಿಂಗಳಲ್ಲಿ ಎಲ್ಲಿ ಬೀಳುತ್ತದೆಂಬುದನ್ನು ನೋಡಬೇಕು. ಆಮೇಲೆ ಗಾಳಿ, ಮಣ್ಣು, ನೀರು. ಹೂವಿನ ಬಣ್ಣ ಎಲ್ಲಕ್ಕಿಂತ ಕೊನೆಯ ಮಾತು.

ಮೈಲಾಪುರದ ಹಳೆಯ ಮನೆಗಳಿಗೆ ಈ ಓದು ಗೊತ್ತಿತ್ತು. ಬೀದಿಗೆ ತೆರೆದ ತಿಣ್ಣೈ, ಅಂದರೆ ನಮ್ಮ ಜಗಲಿ. ಮನೆಯ ನಡುವೆ ಆಕಾಶಕ್ಕೆ ತೆರೆದ ಮುಟ್ರಂ, ಅಂದರೆ ನಮ್ಮ ತೊಟ್ಟಿ. ಹಿತ್ತಿಲಲ್ಲಿ ಬಾವಿ, ಬಳಸಿದ ನೀರು ಹರಿಯುವ ಕಡೆ ಬಾಳೆ ಮತ್ತು ತೆಂಗು. ಊರಿನ ನಡುವಿರುವ ಕಪಾಲೀಶ್ವರ ದೇವಾಲಯದ ಸ್ಥಳವೃಕ್ಷ ಪುನ್ನೈ, ಕನ್ನಡದಲ್ಲಿ ಸುರಹೊನ್ನೆ. ಪಾರ್ವತಿ ನವಿಲಿನ ರೂಪದಲ್ಲಿ ಈ ಮರದಡಿ ಶಿವನನ್ನು ಪೂಜಿಸಿದಳೆಂಬುದು ಸ್ಥಳಪುರಾಣ. ಊರಿನ ಹೆಸರಿನಲ್ಲಿ ನವಿಲಿದೆ, ನವಿಲಿನ ಕಥೆಯಲ್ಲಿ ಮರದ ನೆರಳಿದೆ. ಈಗ ಆ ಮನೆಗಳಲ್ಲಿ ಬಹುಪಾಲು ಅಪಾರ್ಟ್‌ಮೆಂಟುಗಳಾಗಿವೆ. ಹಿತ್ತಿಲು ಕಾರು ನಿಲ್ಲಿಸುವ ಜಾಗವಾಗಿದೆ. ಕಾಂಪೌಂಡಿಗೂ ಗೋಡೆಗೂ ನಡುವೆ ಉಳಿದ ನಾಲ್ಕೈದು ಅಡಿಯ ಪಟ್ಟಿಯಲ್ಲಿ ಬಿಲ್ಡರ್ ಸಾಲಾಗಿ ನೆಟ್ಟು ಹೋಗುವುದು ಎರಡೇ ಬಗೆಯ ಗಿಡ: ಅಲಂಕಾರದ ತಾಳೆ ಮತ್ತು ‘ಅಶೋಕ’.

ಈ ಅಶೋಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಶೋಕ ಚಕ್ರವರ್ತಿ ಸಾಲುಮರಗಳನ್ನು ನೆಡಿಸಿದನೆಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡದ ಕನ್ನಡಿಗರಿಲ್ಲ. ಅವನ ಏಳನೆಯ ಸ್ತಂಭಶಾಸನ ಅದರ ಉದ್ದೇಶವನ್ನೂ ಹೇಳುತ್ತದೆ: ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರಗಳು. ಇಂದು ಅಶೋಕವೆಂದು ಮಾರಾಟವಾಗುವ, ತಮಿಳರು ನೆಟ್ಟಿಲಿಂಗಂ ಎನ್ನುವ ಗಿಡವಾದರೋ ಪುರಾಣ ಕಾವ್ಯಗಳ ನಿಜವಾದ ಅಶೋಕವೂ ಅಲ್ಲ, ನೆರಳು ಕೊಡುವ ಮರವೂ ಅಲ್ಲ. ಅದರ ಕೊಂಬೆಗಳು ಕಾಂಡಕ್ಕೆ ಅಂಟಿಕೊಂಡು ಕೆಳಕ್ಕೆ ಇಳಿಬೀಳುತ್ತವೆ; ಮಡಿಸಿಟ್ಟ ಕೊಡೆಯಂತೆ ನಿಲ್ಲುತ್ತದೆ. ಜಾಗ ಹಿಡಿಯುವುದಿಲ್ಲ ಎಂಬುದೇ ಅದರ ಗುಣವೆಂದು ಹೇಳಿ ಮಾರುತ್ತಾರೆ. ಜಾಗ ಹಿಡಿಯದ ಮರ ನೆರಳನ್ನಾದರೂ ಎಲ್ಲಿ ಹರಡೀತು?

ಇನ್ನು ಬಿಸಿಲಿನ ಲೆಕ್ಕ. ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಒಂದು ಸಲಹೆ ಕೊಡುತ್ತವೆ: ಮನೆಯ ದಕ್ಷಿಣಕ್ಕೆ ಎಲೆ ಉದುರಿಸುವ ಮರ ನೆಡಿ, ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು. ಇಂಗ್ಲೆಂಡಿಗೂ ಅಮೆರಿಕದ ಉತ್ತರ ಭಾಗಕ್ಕೂ ಈ ಮಾತು ಸರಿ. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಚೆನ್ನೈ, ಬೆಂಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಒಂದು ದಿನ ಇಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ಅಂದು ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಅವನು ಮಧ್ಯಾಹ್ನದಲ್ಲಿ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅಂದರೆ ಅಗ್ನಿ ನಕ್ಷತ್ರದ ಮೇ ತಿಂಗಳಿನಲ್ಲಿ ದಕ್ಷಿಣ ದಿಕ್ಕಿನ ಮರದ ನೆರಳು ಮನೆಯ ಮೇಲೆ ಬೀಳುವುದೇ ಇಲ್ಲ. ಡಿಸೆಂಬರಿನಲ್ಲಿ, ಎಳೆಬಿಸಿಲು ಹಿತವಾಗುವ ಹೊತ್ತಿನಲ್ಲಿ ಬೀಳುತ್ತದೆ. ಪುಸ್ತಕವನ್ನು ನಂಬಿ ನೆಟ್ಟವರಿಗೆ ಲಾಭವೆಲ್ಲ ತಲೆಕೆಳಗು.

ಹಾಗಾದರೆ ಇಲ್ಲಿ ಸುಡುವುದು ಯಾವುದು? ಮೊದಲನೆಯದು ತಾರಸಿ. ಎರಡನೆಯದು ಪಡುವಣ ಗೋಡೆ. ಮೂರನೆಯದು ಮೂಡಣ ಗೋಡೆ. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವಾಗ ತಾರಸಿ ಅವನ ಪೂರ್ಣ ಕಾವನ್ನು ಹೀರುತ್ತದೆ; ಮೂರು ಗಂಟೆಯ ನಂತರ ಓರೆಯಾಗಿ ಬರುವ ಬಿಸಿಲನ್ನು ಪಡುವಣ ಗೋಡೆ ಎದೆಯೊಡ್ಡಿ ಪಡೆಯುತ್ತದೆ. ಇಟ್ಟಿಗೆಯ ಗೋಡೆ ಈ ಕಾವನ್ನು ಒಳಗಿನವರೆಗೆ ಸಾಗಿಸಲು ಹಲವು ಗಂಟೆ ಹಿಡಿಯುತ್ತದೆ. ಆದ್ದರಿಂದಲೇ ಸಂಜೆ ಕಡಲಗಾಳಿ ಬೀಸಿ ಬೀದಿ ತಣ್ಣಗಾದ ಮೇಲೂ ಪಡುವಣ ಕೋಣೆಯ ಗೋಡೆ ರಾತ್ರಿ ಹನ್ನೊಂದಕ್ಕೆ ಒಲೆಯ ಪಕ್ಕದ ಕಲ್ಲಿನಂತಿರುತ್ತದೆ. ಒಳಗಿನಿಂದ ಪರದೆ ಎಳೆದರೆ ಪ್ರಯೋಜನ ಅಲ್ಪ. ಬಿಸಿಲು ಅಷ್ಟರಲ್ಲಿ ಗಾಜನ್ನು ದಾಟಿ ಒಳಬಂದಿರುತ್ತದೆ. ಗಿಡದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅದು ಬಿಸಿಲನ್ನು ಗೋಡೆಗೆ ತಾಗುವ ಮೊದಲೇ ಹೊರಗೆ ತಡೆಯುತ್ತದೆ.

ಎಲೆಗಳಿಂದ ನೀರು ಆವಿಯಾಗುವುದರಿಂದಲೂ ತಂಪಾಗುವುದು ನಿಜ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ಮೂರನೇ ಎರಡರಷ್ಟು ಯೂನಿಟ್ ವಿದ್ಯುತ್ತಿಗೆ ಸಮೀಪವಾದ ಕಾವನ್ನು ಹೀರಿಕೊಳ್ಳುತ್ತದೆ. ಆದರೆ ಕಡಲತಡಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಸಿಗುವಷ್ಟು ಲಾಭ ಇದರಿಂದ ಇಲ್ಲಿ ಸಿಗದು. ಇಲ್ಲಿ ಬೇಕಾದುದು ಮೊದಲು ನೆರಳು, ಆಮೇಲೆ ಗಾಳಿ. ಮೈಲಾಪುರಕ್ಕೆ ಕಡಲು ಪೂರ್ವಕ್ಕಿದೆ. ಬೇಸಿಗೆಯ ಮಧ್ಯಾಹ್ನದ ಗಾಳಿ ಬರುವುದು ಆ ಕಡೆಯಿಂದ. ಪೂರ್ವದಲ್ಲಿ ನೆಲದಿಂದಲೇ ದಟ್ಟವಾಗಿ ಬೆಳೆಯುವ ಬೇಲಿಗಿಡ ನೆಟ್ಟರೆ ಗಾಳಿಯನ್ನೇ ತಡೆದಂತೆ. ಅಲ್ಲಿ ಬೇಕಾದುದು ಕಾಂಡ ಎತ್ತರಕ್ಕೆ ಹೋಗಿ ಮೇಲೆ ಕೊಡೆ ಬಿಚ್ಚುವ ಮರ. ಪಶ್ಚಿಮದಲ್ಲಿ ಬೇಕಾದುದು ಗೋಡೆಯನ್ನು ಮುಚ್ಚುವ ದಟ್ಟ ಹಸಿರು. ಒಂದೇ ಜಾತಿಯ ಗಿಡವನ್ನು ನಾಲ್ಕೂ ದಿಕ್ಕಿಗೆ ನೆಡುವುದು ನಾಲ್ಕು ಕಾಯಿಲೆಗೆ ಒಂದೇ ಮಾತ್ರೆ ಕೊಟ್ಟಂತಾಗುತ್ತದೆ.

ಮರ ಯಾವುದು? ಜಾಗವಿದ್ದರೆ ನಮ್ಮ ಮೊದಲ ಆಯ್ಕೆ ಹೊಂಗೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವುದು ಕನ್ನಡಿಗರ ರೂಢಿ. ಅದು ಬರಿಯ ಭಾವುಕತೆಯಲ್ಲ. ಶಿಶಿರದಲ್ಲಿ ಎಲೆ ಕಳಚಿದ ಹೊಂಗೆ ಯುಗಾದಿಯ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತದೆ. ಬಿಸಿಲು ತೀವ್ರವಾಗುವ ಹೊತ್ತಿಗೆ ಕೊಡೆ ಸಿದ್ಧ. ತಮಿಳರ ಪುಂಗಂ ಇದೇ. ಬೇವಿನ ನಡತೆಯೂ ಹೆಚ್ಚುಕಡಿಮೆ ಹೀಗೆಯೇ. ಕಡಲ ಉಪ್ಪುಗಾಳಿಗೆ ಅಂಜದ ಸುರಹೊನ್ನೆ ನಿತ್ಯಹಸಿರು. ನಿಧಾನವಾಗಿ ಬೆಳೆಯುತ್ತದೆ, ಆದರೆ ನಿಂತರೆ ನಿಂತಂತೆ. ತಮಿಳರು ಪೂವರಸು ಎನ್ನುವ ಹೂವರಸಿಯೂ ಕಡಲತಡಿಗೆ ಒಗ್ಗಿದ ಮರ, ಮಧ್ಯಮ ಗಾತ್ರದ್ದು. ಇವುಗಳಲ್ಲಿ ಯಾವುದನ್ನಾದರೂ ಗೋಡೆಯಿಂದ ಹತ್ತು ಹನ್ನೆರಡು ಅಡಿಯಾದರೂ ದೂರದಲ್ಲಿ ನೆಡಬೇಕು. ಆಲ, ಅರಳಿಗಳು ಕಟ್ಟಡದ ಬಳಿ ಸಲ್ಲವು. ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನವರೆಗೆ ಬೆಳೆಸಿದ ಆಲದ ಮರಗಳು ನಾಡಿನ ಹೆಮ್ಮೆ. ಆದರೆ ಅವರು ನೆಟ್ಟಿದ್ದು ಹೆದ್ದಾರಿಯ ಬದಿಯಲ್ಲಿ, ಬಚ್ಚಲಿನ ಗೋಡೆಯ ಬದಿಯಲ್ಲಲ್ಲ. ಹಳೆಯ ತಾರಸಿಯ ಬಿರುಕಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಮೊಳೆತ ಅರಳಿಯನ್ನು ಪೂಜ್ಯವೆಂದು ಬಿಟ್ಟವರ ಮನೆ ಏನಾಯಿತೆಂಬುದನ್ನು ಮೈಲಾಪುರದ ಗಲ್ಲಿಗಳಲ್ಲಿ ಇಂದಿಗೂ ನೋಡಬಹುದು.

ಇಲ್ಲಿ ಬೆಂಗಳೂರಿನಿಂದ ಬಂದ ಕನ್ನಡಿಗರ ಮನಸ್ಸು ಸ್ವಲ್ಪ ಎಡವುತ್ತದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಊರಿಗೆ ಹೂವನ್ನು ಮೊದಲಾಗಿ ಎಣಿಸುವ ಸೌಭಾಗ್ಯವಿತ್ತು. 2003ರ ಮೇ 31ರಂದು 45 ಡಿಗ್ರಿ ಕಂಡ ಚೆನ್ನೈಗೆ ಆ ಸೌಭಾಗ್ಯವಿಲ್ಲ. ಗುಲ್‌ಮೊಹರ್ ಮೇ ತಿಂಗಳಿನಲ್ಲಿ ಕೆಂಪಾಗಿ ಉರಿಯುವುದು ಎಲೆ ವಿರಳವಾಗಿರುವಾಗಲೇ. ಬೇಕಾದ ತಿಂಗಳಿನಲ್ಲಿ ಅದು ಹೂವು ಕೊಡುತ್ತದೆ, ನೆರಳು ಕೊಡುವುದಿಲ್ಲ. ಅದೂ ಹಳದಿ ಹೂವಿನ ಅದರ ಸಂಗಡಿಗ ಮರವೂ ಬೇಗ ಬೆಳೆದು ಬೇಗ ಮುರಿಯುವ ಜಾತಿಯವು. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಯನ್ನು ಹೊಕ್ಕಾಗ ಒಂದೇ ದಿನದಲ್ಲಿ ಸಾವಿರಾರು ಮರಗಳು ಉರುಳಿದವು. ಅವುಗಳಲ್ಲಿ ಹೊರನಾಡಿನ ಈ ಅವಸರದ ಮರಗಳದ್ದು ದೊಡ್ಡ ಪಾಲು. ಬೇವು, ಹೊಂಗೆಗಳೂ ಬೀಳಲಿಲ್ಲವೆಂದಲ್ಲ. ಕಾಂಡದ ಬುಡದವರೆಗೆ ಕಾಂಕ್ರೀಟು ಸುರಿದು ಬೇರನ್ನು ಉಸಿರುಗಟ್ಟಿಸಿದರೆ ಯಾವ ನಾಡಿನ ಮರವೂ ನಿಲ್ಲದು.

ನೆಡುವ ಕಾಲವನ್ನೂ ಊರೇ ಹೇಳಬೇಕು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವಗಳು ಚಿರಪರಿಚಿತ. ಮುಂಗಾರು ಸುರಿಯುವ ಮಲೆನಾಡಿಗೋ ಕರಾವಳಿಗೋ ಇವು ಹೇಳಿ ಮಾಡಿಸಿದ ದಿನಗಳು. ಚೆನ್ನೈಗೆ ಮಳೆಯ ದೊಡ್ಡ ಪಾಲು ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದಿಂದ. ಜೂನ್ ಇಲ್ಲಿ ಇನ್ನೂ ಬೇಸಿಗೆಯ ಬಾಲ. ಆಗ ನೆಟ್ಟ ಸಸಿ ಫೋಟೋದಲ್ಲಿ ಮಾತ್ರ ಹಸಿರಾಗಿ ಉಳಿಯುವುದುಂಟು. ಇಲ್ಲಿ ಮರದ ಸಸಿಗೆ ತಕ್ಕ ಕಾಲ ಸೆಪ್ಟೆಂಬರ್ ಕೊನೆ. ಮೂರು ತಿಂಗಳು ಮುಗಿಲೇ ನೀರುಣಿಸುತ್ತದೆ. ಮುಂದಿನ ಬೇಸಿಗೆಗೆ ಬೇರು ನೆಲ ಹಿಡಿದಿರುತ್ತದೆ.

ಮರಕ್ಕೆ ಜಾಗವಿಲ್ಲದವರೇ ಮೈಲಾಪುರದಲ್ಲಿ ಹೆಚ್ಚು. ಅವರಿಗೆ ನಮ್ಮ ಉತ್ತರ ಬಳ್ಳಿ. ಉಡುಪಿ, ದಕ್ಷಿಣ ಕನ್ನಡದ ಕಡೆಯವರು ಬಸಳೆಯ ಚಪ್ಪರ, ತೊಂಡೆಯ ಚಪ್ಪರವೆಂದರೆ ಮುಖ ಅರಳಿಸುತ್ತಾರೆ. ಅದು ಅಡುಗೆಗೂ ಆಯಿತು, ಅಂಗಳಕ್ಕೂ ಆಯಿತು. ತೊಂಡೆ ಒಮ್ಮೆ ಬೇರೂರಿದರೆ ವರ್ಷಗಟ್ಟಲೆ ಬಾಳುತ್ತದೆ. ಬೇಸಿಗೆಗೆ ಸರಿಯಾಗಿ ಹಬ್ಬಬೇಕೆಂದರೆ ಹೀರೆ, ಪಡವಲಗಳ ಬೀಜವನ್ನು ಜನವರಿಯಲ್ಲಿ ಊರಿದರೆ ಸಾಕು. ಅಮೃತಬಳ್ಳಿಗೆ ನೀರಿನ ಹಂಗು ಬಹಳ ಕಡಿಮೆ. ಪಡುವಣ ಗೋಡೆಗೆ ಬಳ್ಳಿಯನ್ನು ನೇರವಾಗಿ ಅಂಟಿಸಬಾರದು. ಗೋಡೆಯಿಂದ ಒಂದಡಿ ಮುಂದೆ ತಂತಿಯ ಜಾಲ ಕಟ್ಟಿ ಅದರ ಮೇಲೆ ಹಬ್ಬಿಸಬೇಕು. ಗೋಡೆಯ ಬಣ್ಣ ಕೆಡುವುದಿಲ್ಲ, ನಡುವೆ ಗಾಳಿ ಆಡುತ್ತದೆ. ಬೇರು ಮಾತ್ರ ನೆಲದಲ್ಲೇ ಇರಲಿ. ಒಂದಡಿ ಅಗಲದ ಮಣ್ಣು ಸಿಕ್ಕರೂ ಬಳ್ಳಿ ಮೂರು ಮಹಡಿ ಏರಬಲ್ಲದು.

ತಾರಸಿಗೆ ಬಂದಾಗ ಎಚ್ಚರ ಹೆಚ್ಚು ಬೇಕು. ಹಿಂದೆ ಚೆನ್ನೈನ ತಾರಸಿಗಳ ಮೇಲೆ ತೆಂಗಿನ ಗರಿಯ ಪಂದಲ್ ಸಾಮಾನ್ಯವಾಗಿತ್ತು. ಒಣಗರಿ ತಂಪು ಕೊಡುತ್ತದೆ, ಕಿಡಿ ಬಿದ್ದರೆ ಉರಿಯನ್ನೂ ಕೊಡುತ್ತದೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಗರಿಯ ಛಾವಣಿಗೆ ಹತ್ತಿದ ಬೆಂಕಿಯಲ್ಲಿ 94 ಮಕ್ಕಳು ಸತ್ತರು. ಆ ದುಃಖವನ್ನು ಕಂಡ ನಾಡಿನಲ್ಲಿ ಒಣಗರಿಯ ಮಾತನ್ನು ಹಗುರವಾಗಿ ಆಡಲಾಗದು. ಹಸಿರು ಚಪ್ಪರ ಅದಕ್ಕಿಂತ ಮೇಲು. ಆದರೆ ಹಸಿರೆಂದ ಮಾತ್ರಕ್ಕೆ ತಾರಸಿಯ ತುಂಬ ಮಣ್ಣು ತುಂಬುವುದೂ ಅಪಾಯವೇ. ಒಂದು ಚದರ ಮೀಟರಿನಲ್ಲಿ 30 ಸೆಂಟಿಮೀಟರ್ ದಪ್ಪ ಹಸಿಮಣ್ಣು ಸುಮಾರು ಅರ್ಧ ಟನ್ ತೂಗುತ್ತದೆ. ಜನ ಓಡಾಡುವ ತಾರಸಿ ತನ್ನ ಸ್ವಂತ ತೂಕದ ಮೇಲೆ ಹೊರಬೇಕಾದ ಭಾರವೆಂದು ಭಾರತೀಯ ಮಾನಕ 875 ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕಿಲೋ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನೂ ಗಾರೆಯನ್ನೂ ಹಾಸಿದ ಹಳೆಯ ‘ಮದ್ರಾಸ್ ತಾರಸಿ’ಗಳಂತೂ ನೀರು ಜಿನುಗುವುದನ್ನೂ ಸಹಿಸವು. ದೊಡ್ಡ ಕುಂಡಗಳು ಕಂಬ ತೊಲೆಗಳ ನೇರದಲ್ಲಿ, ಅಂಚಿನಲ್ಲಿರಲಿ. ನಡುಭಾಗವನ್ನು ಅಂಚಿನಿಂದ ಹಬ್ಬಿದ ಬಳ್ಳಿ ಮುಚ್ಚಲಿ. ತಾರಸಿಗೆ ಬೇಕಾದುದು ಎಲೆಯ ನೆರಳು, ಮಣ್ಣಿನ ಹೊರೆಯಲ್ಲ.

ಮನೆಯ ಒಳಗಿನ ಗಿಡಗಳ ಬಗ್ಗೆ ನಮ್ಮ ಅಭಿಪ್ರಾಯ ಹಲವರಿಗೆ ರುಚಿಸಲಾರದು. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗವನ್ನು ಹಿಡಿದುಕೊಂಡು, ಕುಂಡದ ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಗೊಳಿಸುತ್ತವೆಂದು ನರ್ಸರಿಗಳು ಇಂದಿಗೂ ಸಾರುತ್ತವೆ. 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಲೆಕ್ಕ ಹಾಕಿತು: ಕಿಟಕಿಯ ಗಾಳಿ ಮಾಡುವ ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕು. ಒಳಗಿನ ಗಿಡ ಕಣ್ಣಿಗೆ ಹಿತ, ಮನಸ್ಸಿಗೆ ಹಿತ. ಅದಷ್ಟೇ ಸಾಕಾದ ಕಾರಣ. ನೆರಳಿಗಾಗಿ ಖರ್ಚು ಮಾಡುವ ಹಣವಿದ್ದರೆ ಕಿಟಕಿಯ ಹೊರಗೆ ಮಾಡಬೇಕು. ಬಾಲ್ಕನಿಯ ಕಂಬಿಗೆ ಹಬ್ಬಿದ ಒಂದು ಶಂಖಪುಷ್ಪದ ಬಳ್ಳಿ, ಸೋಫಾದ ಪಕ್ಕದ ಹತ್ತು ಕುಂಡಗಳಿಗಿಂತ ಕೋಣೆಯನ್ನು ಹೆಚ್ಚು ತಂಪಾಗಿಡುತ್ತದೆ.

ನೀರಿನ ಪ್ರಶ್ನೆ ಎಲ್ಲವನ್ನೂ ತೂಗುವ ತಕ್ಕಡಿ. ಮಿಲಾನಿನಲ್ಲಿ 2014ರಲ್ಲಿ ಮುಗಿದ ‘ನೆಟ್ಟಗಿನ ಕಾಡು’ ಎಂಬ ಜೋಡಿ ಗೋಪುರಗಳ ಚಿತ್ರ ನಮ್ಮ ಬಿಲ್ಡರುಗಳ ಕೈಪಿಡಿಗಳನ್ನೆಲ್ಲ ಅಲಂಕರಿಸುತ್ತಿದೆ. ಅಲ್ಲಿನ ನೂರಾರು ಮರಗಳನ್ನು ಸವರಲು ಹಗ್ಗದಲ್ಲಿ ಇಳಿಯುವ ಮಾಲಿಗಳಿದ್ದಾರೆಂಬುದು ಕೈಪಿಡಿಯಲ್ಲಿರುವುದಿಲ್ಲ. 2019ರ ಬೇಸಿಗೆಯಲ್ಲಿ ಚೆನ್ನೈನ ಕೆರೆಗಳು ಬತ್ತಿ, ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಕೊಡ ನೀರಿಗೆ ಸಾಲು ನಿಂತವರ ಕಣ್ಣೆದುರು ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಕುಂಡಗಳಿಗೆ ನೀರು ಬಿಡುವುದು ಯಾರಿಗೆ ಸಾಧ್ಯ? ನಮ್ಮ ಹಿರಿಯರು ಬಚ್ಚಲ ನೀರಿಗೆ ಬಾಳೆ, ಕೆಸು ಬೆಳೆದರು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರುಗಳಲ್ಲಿ ಬದುಕಬಲ್ಲ ಗಿಡವೇ ಈ ಊರಿಗೆ ತಕ್ಕ ಗಿಡ. ಬರಗಾಲದ ವರ್ಷದಲ್ಲಿ ನೆರೆಯವರ ಕೊಡಕ್ಕೆ ಪೈಪೋಟಿ ನೀಡುವ ಹಸಿರು ಎಷ್ಟೇ ಚೆಲುವಾದರೂ ನ್ಯಾಯವಲ್ಲ.

ಈ ನ್ಯಾಯದ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಕಟ್ಟಡಕ್ಕೆ ನೆರಳೆಂದಾಗ ನಾವು ಒಳಗಿರುವವರನ್ನು ಮಾತ್ರ ನೆನೆಯುತ್ತೇವೆ. ಕಾಂಪೌಂಡಿನಾಚೆ ಚಾಚಿದ ಬೇವಿನ ಕೊಂಬೆಯ ಕೆಳಗೆ ಇಸ್ತ್ರಿ ಗಾಡಿಯಿರುತ್ತದೆ, ಹೂಕಟ್ಟುವವಳ ಬುಟ್ಟಿಯಿರುತ್ತದೆ, ಕಾವಲುಗಾರನ ಕುರ್ಚಿಯಿರುತ್ತದೆ. ನಮಗೆ ಅದು ನೆರಳು. ಅವರಿಗೆ ಅದು ಅಂಗಡಿ, ಕಚೇರಿ, ಛಾವಣಿ ಎಲ್ಲವೂ. ‘ಎಲೆ ಉದುರುತ್ತದೆ, ಕಾರಿನ ಮೇಲೆ ಹಕ್ಕಿ ಗಲೀಜು ಮಾಡುತ್ತದೆ’ ಎಂದು ನಿವಾಸಿಗಳ ಸಂಘದ ಸಭೆಯಲ್ಲಿ ಹತ್ತು ನಿಮಿಷದಲ್ಲಿ ಕೊಂಬೆ ಕಡಿಯುವ ತೀರ್ಮಾನವಾದಾಗ, ಆ ಸಭೆಗೆ ಕರೆಯದೇ ಹೋದವರ ಹಗಲನ್ನು ನಾವು ಕಡಿದಿರುತ್ತೇವೆ. ಎಲೆ ಗುಡಿಸುವುದಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಇನ್ನೊಂದು ಬೇವು ಆ ಎತ್ತರಕ್ಕೆ ಬರಲು ವರ್ಷಗಳು ಬೇಕು.

ಬಾಡಿಗೆಯ ಮನೆಯವರು, ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವವರು ಮರ ನೆಟ್ಟು ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ನಮ್ಮ ನೌಕರಿಯ ಬಳಗದಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ, ಅದು ಹುಸಿ ಪ್ರಶ್ನೆಯೂ ಅಲ್ಲ. ಹೊಂಗೆ ತಲೆಯ ಮೇಲೆ ಕೊಡೆ ಹಿಡಿಯುವಷ್ಟರಲ್ಲಿ ನಮಗೆ ಗುವಾಹಟಿಗೋ ಭೋಪಾಲಿಗೋ ಆದೇಶ ಬಂದಿರುತ್ತದೆ. ಅಂಥವರಿಗೆ ನಾವು ಹೇಳುವುದು ಎರಡು. ನಿಮಗಾಗಿ ಬಳ್ಳಿ ಹಬ್ಬಿಸಿ. ಅದು ಒಂದೇ ಬೇಸಿಗೆಯಲ್ಲಿ ಋಣ ತೀರಿಸುತ್ತದೆ. ಮಾಲೀಕರು ಒಪ್ಪಿದರೆ ನಿಮ್ಮ ನಂತರ ಬರುವವರಿಗಾಗಿ, ಬೀದಿಯವರಿಗಾಗಿ ಒಂದು ಮರ ನೆಡಿ. ಬಂದ ಊರಿನಲ್ಲೆಲ್ಲ ನಾವು ನಿಂತಿರುವುದು ಇನ್ನಾರೋ ನೆಟ್ಟು ಹೋದ ನೆರಳಿನಲ್ಲಿಯೇ. ಅವರ ಹೆಸರೂ ನಮಗೆ ಗೊತ್ತಿರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಸೆಪ್ಟೆಂಬರಿಗೆ ಮುನ್ನ ಒಂದು ರಜೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ, ನಿಮ್ಮ ಕಟ್ಟಡವನ್ನು ಹೊರಗಿನಿಂದ ಒಮ್ಮೆ ಸುತ್ತಿ ಬನ್ನಿ. ಯಾವ ಗೋಡೆ ಕೈ ಸುಡುತ್ತದೆ, ಅಲ್ಲಿ ಎಷ್ಟು ಅಡಿ ಮಣ್ಣಿದೆ, ಬಳಸಿದ ನೀರು ಎಲ್ಲಿ ಹರಿದು ಹೋಗುತ್ತದೆ, ಗೇಟಿನ ಹೊರಗೆ ಯಾರು ನಿಂತು ದುಡಿಯುತ್ತಾರೆ ಎಂಬ ನಾಲ್ಕು ಸಂಗತಿಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ನರ್ಸರಿಗೆ ಹೋಗುವಾಗ ಆ ಕಾಗದ ಕೈಯಲ್ಲಿರಲಿ.